ರೈಲು ಹಡೆದ ಊರು, ಬೆಂಕಿಗೆ ಬಿದ್ದ ಕೇರಿ

ಊರು ಹುಟ್ಟುವುದಕ್ಕೆ ಮೊದಲು ನೀರು ಬೇಕು. ಕೆರೆಯೋ ಹಳ್ಳವೋ ಸಿಹಿನೀರಿನ ಬಾವಿಯೋ ಇದ್ದ ಕಡೆ ನಾಲ್ಕು ಮನೆತನಗಳು ನೆಲೆನಿಂತು, ಹೊಲ ಹಸನು ಮಾಡಿ, ಗುಡಿ ಕಟ್ಟಿ, ಸಂತೆ ಕೂಡಿಸಿ, ತಲೆಮಾರುಗಳ ಮೇಲೆ ಊರು ಬೆಳೆಯಿತೆಂಬುದು ನಮ್ಮ ನಾಡಿನ ಅನುಭವ. ರೈಲು ಅಂಥ ಊರುಗಳಿಗೆ ಶತಮಾನಗಳ ತರುವಾಯ ಬಂದ ಅತಿಥಿ. ಅಮೆರಿಕ ದೇಶದ ಪಶ್ಚಿಮ ಭಾಗದಲ್ಲಿ ಈ ಕ್ರಮ ತಲೆಕೆಳಗಾಯಿತು. ಅಲ್ಲಿ ಮೊದಲು ರೈಲು ಬಂದಿತು. ಅದರ ಹೊಟ್ಟೆ ತುಂಬಿಸುವುದಕ್ಕಾಗಿ ಊರುಗಳು ಹುಟ್ಟಿದವು.

ಅಂಥ ಊರುಗಳಲ್ಲಿ ಒಂದಾದ ರಾಕ್ ಸ್ಪ್ರಿಂಗ್ಸ್‌ನ ಆರಂಭದ ಕಥೆಯನ್ನು ಈ ಸಂಚಿಕೆಯಲ್ಲಿ ಓದುಗ ಬಂಧುಗಳ ಮುಂದೆ ಇಡುತ್ತಿದ್ದೇವೆ. ವಯೋಮಿಂಗ್ ರಾಜ್ಯದ ನೈಋತ್ಯ ಭಾಗದಲ್ಲಿ, ಸಮುದ್ರ ಮಟ್ಟದಿಂದ 6,000 ಅಡಿಗಳಿಗೂ ಎತ್ತರದ ಬರಡು ಪ್ರಸ್ಥಭೂಮಿಯ ಮೇಲಿರುವ ಚಿಕ್ಕ ಊರು ಅದು. ಅಷ್ಟು ದೂರದ ಊರಿನ ಗೊಡವೆ ನಮಗೇಕೆ ಎಂದು ಯಾರಾದರೂ ಕೇಳಬಹುದು. ಈ ಕಥೆಯನ್ನು ಕೊನೆಯವರೆಗೆ ಓದಿದವರಿಗೆ, ಅದರ ಎಳೆಯೊಂದು ನಮ್ಮ ಮನೆಗಳ ಹೊಸ್ತಿಲವರೆಗೂ ಬಂದಿದೆಯೆಂಬುದು ತಿಳಿದೀತು.

ಬರಡು ನೆಲದಲ್ಲೊಂದು ಚಿಲುಮೆ

ರಾಕ್ ಸ್ಪ್ರಿಂಗ್ಸ್ ಎಂದರೆ ಬಂಡೆಯ ಚಿಲುಮೆ. ಆ ಪ್ರದೇಶದಲ್ಲಿ ಹರಿಯುವ ತೊರೆಯ ಹೆಸರು ಬಿಟರ್ ಕ್ರೀಕ್, ಅಂದರೆ ಕಹಿಹಳ್ಳ. ಕ್ಷಾರ ತುಂಬಿದ ಅದರ ನೀರನ್ನು ಮನುಷ್ಯರಾಗಲಿ ದನಕರುಗಳಾಗಲಿ ಕುಡಿಯುವುದು ಕಷ್ಟ. ಅಂಥ ಕಡೆ ಬಂಡೆಯ ಬುಡದಿಂದ ಒಸರುತ್ತಿದ್ದ ಸಿಹಿನೀರು ದಾರಿಹೋಕರಿಗೆ ಅಮೃತಪ್ರಾಯವಾಗಿದ್ದಿತು. 1862ರಲ್ಲಿ ಕುದುರೆಗಾಡಿಗಳ ಅಂಚೆ ಮಾರ್ಗವು ಈ ಹಳ್ಳದ ಗುಂಟ ಹಾಯತೊಡಗಿದಾಗ ಚಿಲುಮೆಯ ಬಳಿ ಒಂದು ತಂಗುದಾಣವಾಯಿತು. ಕೆಲವು ವರ್ಷಗಳ ತರುವಾಯ ಬ್ಲೇರ್ ಎಂಬ ಮನೆತನದ ಅಣ್ಣತಮ್ಮಂದಿರು ಅಲ್ಲಿ ಅಂಗಡಿಯಿಟ್ಟರು.

ಆ ನೆಲ ಅದಕ್ಕೆ ಮೊದಲು ನಿರ್ಜನವಾಗಿದ್ದಿತೆಂದು ತಿಳಿಯಬಾರದು. ಅದು ಶೋಶೋನಿ ಮೊದಲಾದ ಮೂಲನಿವಾಸಿ ಜನಾಂಗಗಳವರು ಬೇಟೆಯಾಡಿಕೊಂಡು ಸಂಚರಿಸುತ್ತಿದ್ದ ನಾಡು. 1868ರ ಜುಲೈ 3ರಂದು ಫೋರ್ಟ್ ಬ್ರಿಡ್ಜರ್ ಎಂಬಲ್ಲಿ ಆದ ಒಪ್ಪಂದದಂತೆ ಪೂರ್ವ ಶೋಶೋನಿಗಳಿಗೆ ದೂರದ ವಿಂಡ್ ರಿವರ್ ಸೀಮೆಯನ್ನು ನಿಗದಿಪಡಿಸಲಾಯಿತು. ಅದೇ ವರ್ಷ ಬಿಟರ್ ಕ್ರೀಕ್ ಕಣಿವೆಯಲ್ಲಿ ಕಬ್ಬಿಣದ ಹಳಿಗಳು ಬಿದ್ದವು. ಒಬ್ಬರ ನೆಲ ಇನ್ನೊಬ್ಬರ ಊರಾಗುವ ಕ್ರಮವು ಈ ಊರಿನ ಹುಟ್ಟಿನೊಡನೆಯೇ ಆರಂಭವಾಯಿತೆಂಬುದನ್ನು ಮರೆಯಲಾಗದು.

ಹಳಿಯ ಹಿಂದೆ ಬಂದ ಊರುಗಳು

1862ರ ಜುಲೈ 1ರಂದು ಅಧ್ಯಕ್ಷ ಅಬ್ರಹಾಂ ಲಿಂಕನ್ನರು ಪೆಸಿಫಿಕ್ ರೈಲ್ವೆ ಕಾನೂನಿಗೆ ಸಹಿ ಮಾಡಿದರು. ಪೂರ್ವದಿಂದ ಯೂನಿಯನ್ ಪೆಸಿಫಿಕ್ ಕಂಪನಿ, ಪಶ್ಚಿಮದಿಂದ ಸೆಂಟ್ರಲ್ ಪೆಸಿಫಿಕ್ ಕಂಪನಿ ಹಳಿ ಹಾಕುತ್ತಾ ಬಂದು ನಡುವೆ ಕೂಡಬೇಕೆಂಬುದು ಯೋಜನೆ. ಈ ಭಾರಿ ಕಾರ್ಯಕ್ಕೆ ಸರಕಾರ ಸಾಲ ಕೊಟ್ಟಿತು. ಸಾಲಕ್ಕಿಂತ ಮಿಗಿಲಾಗಿ ನೆಲವನ್ನು ಕೊಟ್ಟಿತು. 1864ರ ತಿದ್ದುಪಡಿಯಂತೆ ಹಾಕಿದ ಪ್ರತಿ ಒಂದು ಮೈಲಿ ಹಳಿಗೆ 20 ಚದರ ಮೈಲಿ ಭೂಮಿ ಕಂಪನಿಯ ಪಾಲಾಗುತ್ತಿದ್ದಿತು. ಚದುರಂಗದ ಮಣೆಯಂತೆ ಒಂದು ಚೌಕ ಕಂಪನಿಗೆ, ಪಕ್ಕದ ಚೌಕ ಸರಕಾರಕ್ಕೆ. ಕಂಪನಿಯ ಚೌಕದಲ್ಲಿ ಕಲ್ಲಿದ್ದಲು ದೊರೆತರೆ ಅದೂ ಕಂಪನಿಯದೇ.

ಹಳಿ ಮುಂದುವರಿದಂತೆ ಊರುಗಳು ಅಣಬೆಯಂತೆ ಎದ್ದವು. 1867ರಲ್ಲಿ ಶಯೆನ್, 1868ರ ಬೇಸಿಗೆಯ ಮೊದಲಿಗೆ ಲಾರಮಿ, ಅನಂತರ ಬೆಂಟನ್, ಆಮೇಲೆ ಗ್ರೀನ್ ರಿವರ್, ಇವಾನ್‌ಸ್ಟನ್. ಇವುಗಳಲ್ಲಿ ಕೆಲವು ಉಳಿದವು, ಕೆಲವು ಅಳಿದವು. ಬೆಂಟನ್ ಎಂಬ ಊರು 1868ರ ಜುಲೈ ತಿಂಗಳಲ್ಲಿ ಡೇರೆಗಳ ರೂಪದಲ್ಲಿ ತಲೆಯೆತ್ತಿ, ಸಾವಿರಾರು ಜನರನ್ನು ಕೂಡಿಸಿ, ಮೂರು ತಿಂಗಳೊಳಗಾಗಿ ಕಾಣೆಯಾಯಿತು. ಅಲ್ಲಿ ನೀರಿರಲಿಲ್ಲ; ಹಳಿ ಮುಂದೆ ಹೋದೊಡನೆ ಜನಕ್ಕೆ ಕೆಲಸವೂ ಇರಲಿಲ್ಲ. ಡೇರೆ ಕಿತ್ತು ಬಂಡಿಗೆ ಹೇರಿಕೊಂಡು ಎಲ್ಲರೂ ಮುಂದಿನ ಊರಿಗೆ ನಡೆದರು.

ರಾಕ್ ಸ್ಪ್ರಿಂಗ್ಸ್ ಉಳಿದುದಕ್ಕೆ ಕಾರಣ ನೆಲದ ಮೇಲಿನ ಚಿಲುಮೆಯಲ್ಲ, ನೆಲದೊಳಗಿನ ಕರಿಯ ಕಲ್ಲು. ಅಂದಿನ ಉಗಿ ಎಂಜಿನ್ನಿಗೆ ನೀರೂ ಬೇಕು, ಬೆಂಕಿಯೂ ಬೇಕು. ಮರವೇ ಇಲ್ಲದ ಆ ಬಯಲಿನಲ್ಲಿ ಸೌದೆಯನ್ನು ಎಲ್ಲಿಂದ ತರುವುದು? ಸರಕಾರದ ಪರವಾಗಿ ಆ ಸೀಮೆಯನ್ನು ಅಳೆಯಲು ಬಂದಿದ್ದ ಹೊವರ್ಡ್ ಸ್ಟಾನ್ಸ್‌ಬರಿ ಎಂಬ ಸೇನಾಧಿಕಾರಿ ಬಿಟರ್ ಕ್ರೀಕ್ ಕಣಿವೆಯ ಕಲ್ಲಿದ್ದಲಿನ ಪದರಗಳನ್ನು 1850ರಷ್ಟು ಹಿಂದೆಯೇ ಗುರುತಿಸಿದ್ದನು. 1868ರಲ್ಲಿ ಹಳಿ ಬಂದೊಡನೆ ಗಣಿ ತೆರೆಯಿತು. ಮರುವರ್ಷ, 1869ರ ಮೇ 10ರಂದು, ಯೂಟಾ ಸೀಮೆಯ ಪ್ರಾಮಂಟರಿ ಶಿಖರದಲ್ಲಿ ಬಂಗಾರದ ಮೊಳೆಯಿಟ್ಟು ಎರಡೂ ಹಳಿಗಳನ್ನು ಕೂಡಿಸಲಾಯಿತು. ಅಂದಿನಿಂದ ರಾಕ್ ಸ್ಪ್ರಿಂಗ್ಸ್‌ನ ಇದ್ದಲು ಯೂನಿಯನ್ ಪೆಸಿಫಿಕ್ ರೈಲುಗಳ ಆಹಾರವಾಯಿತು.

ಊರಿನ ಅಂದಚೆಂದವನ್ನು ಯಾರೂ ಯೋಚಿಸಲಿಲ್ಲ. ಮೊದಲು ಬಂದ ಕಾರ್ಮಿಕರು ಬಿಟರ್ ಕ್ರೀಕ್‌ನ ದಂಡೆಯನ್ನೇ ಕೊರೆದು ಗುಹೆಯಂಥ ಗೂಡುಗಳಲ್ಲಿ ವಾಸಿಸಿದರು. ಗಣಿಯ ಬಾಯಿ ಎಲ್ಲಿತ್ತೋ ಅಲ್ಲಿ ಗುಡಿಸಲೆದ್ದಿತು. ಕಾಲುದಾರಿ ಹೇಗೆ ಸೊಟ್ಟಗಿತ್ತೋ ಬೀದಿಯೂ ಹಾಗೆ ಸೊಟ್ಟಗಾಯಿತು. ಗಣಿ ಆಳಕ್ಕಿಳಿದಂತೆ ಊರಿಗೆ ಹೆಸರು ಕೊಟ್ಟ ಚಿಲುಮೆಯೇ ಬತ್ತಿಹೋಯಿತು. ಕುಡಿಯುವ ನೀರನ್ನು ಪಕ್ಕದ ಗ್ರೀನ್ ರಿವರ್ ಊರಿನಿಂದ ರೈಲಿನಲ್ಲಿಯೇ ತರಬೇಕಾಯಿತು. ನೀರಿಗೂ ರೈಲು, ಅನ್ನಕ್ಕೂ ರೈಲು, ಕೂಲಿಗೂ ರೈಲು. ಮನೆಯ ಜಾಗ, ಅಂಗಡಿ, ಗಣಿ, ಹಳಿ ಎಲ್ಲವೂ ಒಂದೇ ಕಂಪನಿಯ ಹಿಡಿತದಲ್ಲಿದ್ದ ಊರಿನಲ್ಲಿ ಕಂಪನಿಯೇ ಹಡೆದ ತಾಯಿ, ಕಂಪನಿಯೇ ಆಳುವ ದೊರೆ.

ದುಡಿಯಲು ಬಂದವರು

ಮೊದಲು ಗಣಿಗಿಳಿದವರು ಇಂಗ್ಲೆಂಡ್, ವೇಲ್ಸ್, ಐರ್ಲೆಂಡ್ ಹಾಗೂ ಸ್ಕ್ಯಾಂಡಿನೇವಿಯ ದೇಶಗಳಿಂದ ಬಂದ ಬಡವರು. ತಮ್ಮ ನಾಡಿನಲ್ಲಿ ಹೊಟ್ಟೆಗಿಲ್ಲದೆ ಕಡಲು ದಾಟಿದವರು. ಕತ್ತಲಲ್ಲಿ ಇಳಿದು ಕತ್ತಲಲ್ಲಿ ಮೇಲೇರುವ ಅವರ ಬದುಕು ಸುಲಭವಾಗಿರಲಿಲ್ಲ. 1874ರಲ್ಲಿ ರೈಲ್ವೆ ಕಂಪನಿಯು ಗುತ್ತಿಗೆದಾರರನ್ನು ಬಿಡಿಸಿ ಗಣಿಗಳನ್ನು ನೇರವಾಗಿ ತನ್ನ ವಶಕ್ಕೆ ತೆಗೆದುಕೊಂಡಿತು. ಕೂಲಿ ತಗ್ಗಿತು; ಕಂಪನಿಯ ಅಂಗಡಿಯಲ್ಲಿ ಬೆಲೆ ತಗ್ಗಲಿಲ್ಲ. 1875ರಲ್ಲಿ ಕಾರ್ಮಿಕರು ಮುಷ್ಕರ ಹೂಡಿದರು.

ಕಂಪನಿಯು ಮುಷ್ಕರವನ್ನು ಮುರಿದ ಬಗೆಯೇ ಮುಂದಿನ ದುರಂತದ ಬೀಜವಾಯಿತು. ಸೈನಿಕರ ಕಾವಲಿನಲ್ಲಿ 150 ಮಂದಿ ಚೀನೀ ಕಾರ್ಮಿಕರನ್ನು ರೈಲಿನಲ್ಲಿ ಕರೆತಂದು ಗಣಿಗಿಳಿಸಲಾಯಿತು. ಹಳಬರಲ್ಲಿ 50 ಮಂದಿಗೆ ಮಾತ್ರ ಮತ್ತೆ ಕೆಲಸ ದೊರೆಯಿತು. ಉಳಿದವರ ಅನ್ನ ಹೋಯಿತು.

ಈ ಚೀನೀಯರಾದರೂ ಯಾರು? ಬಹುಮಟ್ಟಿಗೆ ದಕ್ಷಿಣ ಚೀನದ ಗ್ವಾಂಗ್‌ಡಾಂಗ್ ಪ್ರಾಂತದ ಹಳ್ಳಿಗಳ ರೈತಮಕ್ಕಳು. ಯುದ್ಧ ಮತ್ತು ಬರಗಳಿಂದ ನಲುಗಿದ ಆ ನಾಡಿನಿಂದ ಹೊರಟು, ದುಡಿದು, ಉಳಿಸಿ, ಹೆತ್ತವರಿಗೆ ಹಣ ಕಳುಹಿಸಿ, ಒಂದು ದಿನ ಊರಿಗೆ ಹಿಂದಿರುಗಬೇಕೆಂಬ ಆಸೆಯಿಂದ ಬಂದವರು. ಸೆಂಟ್ರಲ್ ಪೆಸಿಫಿಕ್ ಮಾರ್ಗಕ್ಕಾಗಿ ಸಿಯೆರಾ ನೆವಾಡದ ಗಟ್ಟಿ ಬಂಡೆಯನ್ನು ಒಡೆದು ಸುರಂಗ ಕೊರೆದವರು ಇವರದೇ ಜನ, ಸಾವಿರ ಸಾವಿರ ಸಂಖ್ಯೆಯಲ್ಲಿ. ಪಶ್ಚಿಮದ ರೈಲನ್ನು ಕಟ್ಟಿದ ಕೈಗಳೇ ಈಗ ರೈಲಿಗೆ ಇದ್ದಲನ್ನು ಅಗೆಯಲು ಬಂದವು.

ಬಿಟರ್ ಕ್ರೀಕ್‌ನ ಆಚೆ ಬದಿಗೆ ಅವರ ಕೇರಿ ಬೆಳೆಯಿತು. ಕಂಪನಿ ಕಟ್ಟಿಸಿದ ಮರದ ಮನೆಗಳು, ಅವರೇ ಹೂಡಿಕೊಂಡ ಗುಡಿಸಲುಗಳು, ಬಟ್ಟೆ ಒಗೆಯುವ ಅಂಗಡಿ, ದಿನಸಿ ಅಂಗಡಿಗಳು. ಊರಿಗೂ ಕೇರಿಗೂ ನಡುವೆ ಹಳ್ಳ, ಹಳ್ಳದ ಮೇಲೆ ಹಲಗೆಯ ಸೇತುವೆ ಮತ್ತು ರೈಲು ಸೇತುವೆ. ಹತ್ತು ವರ್ಷಗಳ ಕಾಲ ಎರಡೂ ಕಡೆಯವರು ಒಂದೇ ಗಣಿಯಲ್ಲಿ ದುಡಿದರು, ಒಂದೇ ಕರಿಯ ಧೂಳನ್ನು ಉಸಿರಾಡಿದರು. ಆದರೆ ಒಬ್ಬರ ಮನೆಗೆ ಒಬ್ಬರು ಹೋಗಿ ಬರುವ ಬಳಕೆ ಬೆಳೆಯಲಿಲ್ಲ. ಒಬ್ಬರ ಮಾತು ಒಬ್ಬರಿಗೆ ತಿಳಿಯಲಿಲ್ಲ.

ಈ ನಡುವೆ 1882ರ ಮೇ 6ರಂದು ಅಮೆರಿಕದ ಸರಕಾರವು ಚೀನೀ ಕಾರ್ಮಿಕರು ದೇಶದೊಳಗೆ ಬರದಂತೆ ತಡೆಯುವ ಕಾನೂನನ್ನು ಮಾಡಿತು. ಒಂದು ಜನಾಂಗದ ಹೆಸರು ಹಿಡಿದು ಬಾಗಿಲು ಮುಚ್ಚಿದ ಆ ಕಾನೂನು, ಈಗಾಗಲೇ ಒಳಗಿದ್ದವರನ್ನೂ ಪರಕೀಯರೆಂದು ಸಾರಿದಂತಾಯಿತು. ರಾಕ್ ಸ್ಪ್ರಿಂಗ್ಸ್‌ನಲ್ಲಿ ನೈಟ್ಸ್ ಆಫ್ ಲೇಬರ್ ಎಂಬ ಕಾರ್ಮಿಕ ಸಂಘವು ಬೇರೂರಿತು. ದುಡಿಯುವವರೆಲ್ಲ ಒಂದು ಎಂದು ಸಾರುತ್ತಿದ್ದ ಆ ಸಂಘದ ಬಾಗಿಲೂ ಚೀನೀಯರಿಗೆ ತೆರೆದಿರಲಿಲ್ಲ. ಮುಷ್ಕರಕ್ಕೆ ಕೂಡಿಕೊಳ್ಳಿರೆಂದು ಬಿಳಿಯ ಕಾರ್ಮಿಕರು ಕೇಳಿದಾಗ ಚೀನೀಯರು ಒಪ್ಪಲಿಲ್ಲ. 1885ರ ಹೊತ್ತಿಗೆ ಗಣಿಗಳಲ್ಲಿ ಚೀನೀಯರು 331 ಮಂದಿ, ಬಿಳಿಯರು ಸುಮಾರು 150 ಮಂದಿ ಇದ್ದರು. ಕಂಪನಿಯ ಮೇಲಿನ ಸಿಟ್ಟು ಕಂಪನಿಯ ಕಡೆಗೆ ಹರಿಯಲು ದಾರಿಯಿಲ್ಲದೆ ಹಳ್ಳದಾಚೆಯ ಕೇರಿಯ ಕಡೆಗೆ ತಿರುಗಿ ನಿಂತಿದ್ದಿತು.

1885ರ ಸೆಪ್ಟೆಂಬರ್ 2

ಗಣಿಯೊಳಗೆ ಇದ್ದಲು ಕಡಿಯುವ ಜಾಗಕ್ಕೆ 'ಕೋಣೆ' ಎಂದು ಹೆಸರು. ಕಡಿದ ಇದ್ದಲಿನ ತೂಕಕ್ಕೆ ತಕ್ಕಂತೆ ಕೂಲಿ. ಆದುದರಿಂದ ಒಳ್ಳೆಯ ಕೋಣೆ ದೊರೆತವನಿಗೆ ತುಂಬಿದ ತಟ್ಟೆ, ಕೆಟ್ಟ ಕೋಣೆ ದೊರೆತವನಿಗೆ ಅರೆಹೊಟ್ಟೆ. ಅಂದು ಬೆಳಗ್ಗೆ 6ನೆಯ ಸಂಖ್ಯೆಯ ಗಣಿಯಲ್ಲಿ ಒಂದು ಕೋಣೆ ಯಾರದೆಂಬ ಬಗ್ಗೆ ಬಿಳಿಯ ಮತ್ತು ಚೀನೀ ಕಾರ್ಮಿಕರ ನಡುವೆ ಜಗಳವಾಯಿತು. ಪಿಕಾಸಿ ಸಲಿಕೆಗಳು ಮೇಲೆದ್ದವು. ಪಿಕಾಸಿಯ ಪೆಟ್ಟು ತಲೆಗೆ ಬಿದ್ದು ಒಬ್ಬ ಚೀನೀಯನು ಅಸುನೀಗಿದನು. ಮೇಸ್ತ್ರಿ ಬಂದು ಬಿಡಿಸಿದನಾದರೂ ಬಿಳಿಯ ಕಾರ್ಮಿಕರು ಕೆಲಸಕ್ಕೆ ಹಿಂದಿರುಗಲಿಲ್ಲ. ಮನೆಗಳಿಗೆ ಹೋಗಿ ಬಂದೂಕು, ಕೊಡಲಿ, ದೊಣ್ಣೆಗಳನ್ನು ತಂದರು. ಸಂಘದ ಗಂಟೆ ಬಾರಿಸಿತು, ಸಭೆ ಕೂಡಿತು.

ಮಧ್ಯಾಹ್ನ ಸುಮಾರು ಎರಡು ಗಂಟೆಗೆ ನೂರಕ್ಕೂ ಮಿಕ್ಕಿ ಜನ ಆಯುಧ ಹಿಡಿದು ಹಳ್ಳದ ಕಡೆಗೆ ನಡೆದರು. ಒಂದು ಗುಂಪು ಹಲಗೆಯ ಸೇತುವೆಯಿಂದ, ಇನ್ನೊಂದು ರೈಲು ಸೇತುವೆಯಿಂದ ಕೇರಿಯನ್ನು ಸುತ್ತುವರಿಯಿತು. ಊರು ಬಿಟ್ಟು ಹೋಗಲು ಚೀನೀಯರಿಗೆ ಒಂದು ಗಂಟೆಯ ಗಡುವು ಕೊಟ್ಟರು. ಆ ಗಂಟೆಯೂ ತುಂಬಲಿಲ್ಲ. ಗುಂಡುಗಳು ಹಾರಿದವು. ಅಂದು ಚೀನೀಯರಿಗೆ ಹಬ್ಬದ ದಿನ. ಕೆಲಸಕ್ಕೆ ಹೋಗದೆ ಮನೆಯಲ್ಲಿದ್ದ ಅನೇಕರಿಗೆ ಬೆಳಗಿನ ಜಗಳದ ಸುದ್ದಿಯೇ ತಿಳಿದಿರಲಿಲ್ಲ. ಉಟ್ಟ ಬಟ್ಟೆಯಲ್ಲಿಯೇ ಅವರು ಬೆಟ್ಟಗಳ ಕಡೆಗೆ ಓಡಿದರು. ಓಡುವವರ ಬೆನ್ನಿಗೆ ಗುಂಡು ಬಿದ್ದಿತು. ಮನೆಗಳನ್ನು ಮೊದಲು ಸುಲಿದು ಆಮೇಲೆ ಸುಟ್ಟರು. ಅಂಜಿಕೆಯಿಂದ ನೆಲಮನೆಗಳಲ್ಲಿ ಅಡಗಿದವರು, ಕಾಯಿಲೆಯಿಂದ ಮೇಲೇಳಲಾಗದವರು ಅಲ್ಲಿಯೇ ಬೆಂದುಹೋದರು. ಬಹಳ ಕಾಲದ ದುಡಿಮೆಯಿಂದ ಕೂಡಿಟ್ಟ ಹಣವೂ ಆ ಬೂದಿಯಲ್ಲಿ ಬೂದಿಯಾಯಿತು.

ರಾತ್ರಿಯಾಗುವ ಹೊತ್ತಿಗೆ 79 ಮನೆಗಳು ಸುಟ್ಟುಹೋಗಿದ್ದವು. ಸತ್ತವರು 28 ಮಂದಿ, ಗಾಯಗೊಂಡವರು 15 ಮಂದಿ. ದಾಳಿ ಮಾಡಿದವರ ಕಡೆ ಒಂದು ಜೀವವೂ ಹೋಗಲಿಲ್ಲ. ಗುಂಪಿನಲ್ಲಿ ಹೆಂಗಸರೂ ಇದ್ದರೆಂದು, ಕೆಲವರು ಪಕ್ಕದಲ್ಲಿ ನಿಂತು ಚಪ್ಪಾಳೆ ತಟ್ಟಿದರೆಂದು ಬದುಕುಳಿದ ಚೀನೀಯರು ತಮ್ಮ ಕಾನ್ಸಲ್‌ಗೆ ಬರೆದುಕೊಟ್ಟ ಮನವಿಯಲ್ಲಿ ಹೇಳಿದರು. ಆ ಮನವಿಗೆ 559 ಮಂದಿ ಸಹಿ ಮಾಡಿದ್ದರು. ಅವರ ನೋವಿನ ಇನ್ನೊಂದು ಮಾತು ನಮ್ಮನ್ನು ಬಹಳ ಕಾಡುತ್ತದೆ. ತಮ್ಮಲ್ಲಿ ಕೆಲವರಿಗೆ ಇಂಗ್ಲಿಷ್ ಕಲಿಸುತ್ತಿದ್ದ ಹೆಂಗಸರನ್ನು ಕೂಡ ಆ ದಿನ ದೋಚುವವರ ನಡುವೆ ಕಂಡೆವೆಂದು ಅವರು ಬರೆದಿದ್ದರು.

ಹಿಂದಕ್ಕೆ ಬಂದ ರೈಲು

ಬೆಟ್ಟದ ಚಳಿಯಲ್ಲಿ ರಾತ್ರಿ ಕಳೆದ ಚೀನೀಯರು ಮರುದಿನ ಹಳಿಯ ಗುಂಟ ಪಶ್ಚಿಮಕ್ಕೆ ನಡೆದರು. ದಾರಿಯಲ್ಲಿ ಕಂಡವರನ್ನು ಹತ್ತಿಸಿಕೊಳ್ಳಬೇಕೆಂದು ಕಂಪನಿಯು ತಂತಿ ಕಳುಹಿಸಿದ್ದರಿಂದ ರೈಲುಗಳು ಅಲ್ಲಲ್ಲಿ ನಿಂತು ಅವರನ್ನು ಸುಮಾರು 100 ಮೈಲಿ ದೂರದ ಇವಾನ್‌ಸ್ಟನ್ ಊರಿಗೆ ಸಾಗಿಸಿದವು. ವಯೋಮಿಂಗ್‌ನ ಅಂದಿನ ಗವರ್ನರ್ ಫ್ರಾನ್ಸಿಸ್ ವಾರನ್ ವಿಶೇಷ ರೈಲಿನಲ್ಲಿ ಬಂದು ಬೂದಿಯಾದ ಕೇರಿಯನ್ನು ಕಂಡು, ಕೇಂದ್ರ ಸರಕಾರದ ಸೈನ್ಯವನ್ನು ಬೇಡಿದನು. ಅಧ್ಯಕ್ಷ ಗ್ರೋವರ್ ಕ್ಲೀವ್‌ಲೆಂಡ್‌ರ ಆಡಳಿತವು ಸೈನಿಕರನ್ನು ಕಳುಹಿಸಿತು.

ಸೆಪ್ಟೆಂಬರ್ 9ರಂದು ಇವಾನ್‌ಸ್ಟನ್‌ನಲ್ಲಿ ಸುಮಾರು 600 ಮಂದಿ ಚೀನೀಯರನ್ನು ಸರಕುಬಂಡಿಗಳಿಗೆ ಹತ್ತಿಸಲಾಯಿತು. ಸುರಕ್ಷಿತವಾದ ಸ್ಯಾನ್ ಫ್ರಾನ್ಸಿಸ್ಕೋ ನಗರಕ್ಕೆ ಹೋಗುತ್ತಿದ್ದೇವೆಂದು ಅವರು ನಂಬಿದ್ದರು. ರೈಲು ನಿಂತಾಗ ಬಾಗಿಲು ತೆರೆದು ನೋಡಿದರೆ ಎದುರಿಗಿದ್ದುದು ರಾಕ್ ಸ್ಪ್ರಿಂಗ್ಸ್! ತಮ್ಮ ಮನೆಗಳಿದ್ದ ಜಾಗದಲ್ಲಿ ಸುಟ್ಟ ನೆಲ. ಅದರ ಮೇಲೆ ಇನ್ನೂ ಸಂಸ್ಕಾರವಾಗದೆ ಬಿದ್ದಿದ್ದ ತಮ್ಮವರ ದೇಹಗಳು. ಅವುಗಳನ್ನು ಮಣ್ಣು ಮಾಡುವ ಕೆಲಸವೂ ಅವರ ಪಾಲಿಗೇ ಬಂದಿತು.

ಅವರು ಗಣಿಗಿಳಿಯಲು ಒಲ್ಲೆವೆಂದರು. ಬರಬೇಕಾದ ಕೂಲಿಯನ್ನು ಕೊಟ್ಟು, ರೈಲಿನಲ್ಲಿ ಊರು ಬಿಡಲು ಪಾಸು ಕೊಡಿರೆಂದು ಬೇಡಿದರು. ಕಂಪನಿ ಎರಡಕ್ಕೂ ಒಪ್ಪಲಿಲ್ಲ. ಕೆಲಸಕ್ಕೆ ಬಾರದವರನ್ನು ತೆಗೆದುಹಾಕುವುದಾಗಿ ಹೇಳಿತು. ರೈಲಿನಲ್ಲಿ ಬಂದವರಿಗೆ ರೈಲೇ ಬಾಗಿಲು ಮುಚ್ಚಿದ ಮೇಲೆ ಆ ಬಯಲಿನಿಂದ ಎಲ್ಲಿಗೆ ಹೋಗುವುದು? ಕೆಲವರು ಹೇಗೋ ಹೊರಟುಹೋದರು. ಹೆಚ್ಚಿನವರು ತಮ್ಮವರನ್ನು ಹೂಳಿದ ನೆಲದ ಅಡಿಯಲ್ಲಿಯೇ ಮತ್ತೆ ಪಿಕಾಸಿ ಹಿಡಿದರು. ಕೇರಿಗೂ ಊರಿಗೂ ನಡುವೆ ಸೈನ್ಯವು ಕ್ಯಾಂಪ್ ಪೈಲಟ್ ಬ್ಯೂಟ್ ಎಂಬ ಠಾಣೆ ಹೂಡಿತು. ಆ ಠಾಣೆ 1899ರವರೆಗೂ ಇದ್ದಿತು. ಒಂದೇ ಊರಿನ ಎರಡು ಕೇರಿಗಳ ನಡುವೆ ಹದಿಮೂರು ವರ್ಷಗಳಿಗೂ ಹೆಚ್ಚು ಕಾಲ ಸೈನಿಕರು ನಿಲ್ಲಬೇಕಾದುದಕ್ಕಿಂತ ಹೆಚ್ಚಿನ ನಾಚಿಕೆ ಆ ಊರಿಗೆ ಬೇರೇನಿದ್ದೀತು?

ನ್ಯಾಯದ ಬಾಗಿಲಲ್ಲಿ

ಹದಿನಾರು ಮಂದಿಯನ್ನು ಬಂಧಿಸಿ ಗ್ರೀನ್ ರಿವರ್‌ನ ಸೆರೆಮನೆಯಲ್ಲಿರಿಸಿದರು. ಮೊಕದ್ದಮೆ ನಡೆಸಬೇಕೋ ಬೇಡವೋ ಎಂದು ನಿರ್ಣಯಿಸುವ ನಾಗರಿಕ ಪಂಚರ ಮಂಡಳಿ ಕೂಡಿತು. ಹಾಡಹಗಲಿನಲ್ಲಿ, ಊರೆಲ್ಲ ನೋಡುತ್ತಿರುವಾಗ ನಡೆದ ಕೃತ್ಯದ ಬಗ್ಗೆ ಮಂಡಳಿಯು ಕೊಟ್ಟ ವರದಿಯ ಸಾರ ಇಷ್ಟೇ: ಗೊತ್ತಿರುವ ಯಾವ ಬಿಳಿಯನೂ ಅಪರಾಧ ಮಾಡಿದುದನ್ನು ಕಂಡೆನೆಂದು ಹೇಳಬಲ್ಲ ಸಾಕ್ಷಿ ಒಬ್ಬರೂ ದೊರೆಯಲಿಲ್ಲ. ಮೊಕದ್ದಮೆಯೇ ನಡೆಯಲಿಲ್ಲ. ಅಕ್ಟೋಬರ್ ತಿಂಗಳಲ್ಲಿ ಬಿಡುಗಡೆಯಾಗಿ ಬಂದವರನ್ನು ನೂರಾರು ಜನ ಜಯಘೋಷದಿಂದ ಎದುರುಗೊಂಡರು. ಇಪ್ಪತ್ತೆಂಟು ಸಾವುಗಳಿಗೆ ಒಬ್ಬನಿಗೂ ಶಿಕ್ಷೆಯಾಗಲಿಲ್ಲ. ಈ ಕೃತ್ಯದಲ್ಲಿ ಸೇರಿದವರೆಂದು ಕಂಪನಿಯು 45 ಮಂದಿ ಬಿಳಿಯ ಕಾರ್ಮಿಕರನ್ನು ಕೆಲಸದಿಂದ ತೆಗೆದುದೇ ಆದ ಶಿಕ್ಷೆ.

ಚೀನದ ಸರಕಾರವು ವಾಷಿಂಗ್ಟನ್ನಿನಲ್ಲಿ ಪರಿಹಾರ ಕೇಳಿತು. ಕಾನೂನಿನಂತೆ ತಾವು ಹೊಣೆಯಲ್ಲವೆಂದು ಹೇಳುತ್ತಲೇ, 1887ರಲ್ಲಿ ಅಮೆರಿಕದ ಸಂಸತ್ತು ಆಸ್ತಿ ನಷ್ಟಕ್ಕಾಗಿ 1,47,748 ಡಾಲರ್ 74 ಸೆಂಟ್‌ಗಳನ್ನು ಮಂಜೂರು ಮಾಡಿತು. ಪಾತ್ರೆಪಗಡಿ, ಬಟ್ಟೆಬರೆಗಳಿಗೆ ಸೆಂಟ್‌ವರೆಗೂ ಲೆಕ್ಕ ಹಿಡಿದರು. ಹೋದ ಜೀವಗಳು ಯಾವ ಲೆಕ್ಕದಲ್ಲಿಯೂ ಬರಲಿಲ್ಲ. ಇತ್ತ ಶಿಕ್ಷೆಯಿಲ್ಲದ ಅಪರಾಧವು ಇತರ ಊರುಗಳಿಗೆ ಮೇಲ್ಪಂಕ್ತಿಯಾಯಿತು. ಅದೇ 1885ರ ನವೆಂಬರ್ 3ರಂದು ಟಕೋಮ ಪಟ್ಟಣದಿಂದ, ಮರುವರ್ಷದ ಫೆಬ್ರವರಿಯಲ್ಲಿ ಸಿಯಾಟಲ್‌ನಿಂದ ಚೀನೀಯರನ್ನು ಬಲವಂತವಾಗಿ ಹೊರಗಟ್ಟಿದರು.

ಊರು ಮರೆತದ್ದು, ಊರು ನೆನೆದದ್ದು

ರಾಕ್ ಸ್ಪ್ರಿಂಗ್ಸ್ ಬೆಳೆಯಿತು. 1888ರಲ್ಲಿ ಪೌರಾಡಳಿತ ಪಡೆಯಿತು. 1894ರಲ್ಲಿ ಕಲ್ಲಿನ ಪುರಭವನ ಕಟ್ಟಿಸಿತು. ಯುರೋಪಿನ ನಾನಾ ಮೂಲೆಗಳಿಂದ, ಜಪಾನಿನಿಂದ ಕಾರ್ಮಿಕರು ಬಂದರು. ಐವತ್ತಾರು ರಾಷ್ಟ್ರೀಯತೆಗಳ ತವರೆಂದು ಊರು ತನ್ನನ್ನು ತಾನು ಹೆಮ್ಮೆಯಿಂದ ಕರೆದುಕೊಂಡಿತು. ಆ ಹೆಮ್ಮೆ ಸುಳ್ಳಲ್ಲ. ಆದರೆ ಹೊಸ ಚೀನೀಯರು ಬರದಂತೆ ಕಾನೂನು ಬಾಗಿಲು ಮುಚ್ಚಿದ್ದರಿಂದ ಹಳ್ಳದಾಚೆಯ ಕೇರಿ ಮುದಿಯಾಗುತ್ತ, ಕರಗುತ್ತ ಹೋಯಿತು. 1920ರ ದಶಕದಲ್ಲಿ ಉಳಿದಿದ್ದ ಕೆಲವೇ ವೃದ್ಧ ಚೀನೀ ಕಾರ್ಮಿಕರಿಗೆ ಕಂಪನಿಯು ಔತಣವಿತ್ತು ಸ್ವದೇಶಕ್ಕೆ ಬೀಳ್ಕೊಟ್ಟಿತು. ಕೇರಿಯಿದ್ದ ನೆಲದ ಮೇಲೆ ಶಾಲೆ ಬಂದಿತು. 1950ರ ದಶಕದಲ್ಲಿ ಡೀಸೆಲ್ ಎಂಜಿನ್ನುಗಳ ಮುಂದೆ ಕಲ್ಲಿದ್ದಲು ಸೋತು, ರೈಲ್ವೆಯ ಗಣಿಗಳೂ ಮುಚ್ಚಿದವು.

ನೆಲ ಮಾತ್ರ ಮರೆತಿರಲಿಲ್ಲ. 2024ರಲ್ಲಿ ಪುರಾತತ್ತ್ವಜ್ಞರು ಅಲ್ಲಿ ಅಗೆದಾಗ ಕೆಲವು ಅಡಿಗಳ ಕೆಳಗೆ ಸುಟ್ಟ ಮಣ್ಣಿನ ಪದರ ಕಂಡಿತು. 2025ರ ಸೆಪ್ಟೆಂಬರ್ 2ರಂದು, ಘಟನೆ ನಡೆದು 140 ವರ್ಷಗಳು ತುಂಬಿದ ದಿನ, ಆ ಜಾಗದ ಬಳಿ ಚೀನೀ ಗಣಿ ಕಾರ್ಮಿಕನೊಬ್ಬನ ಕಂಚಿನ ವಿಗ್ರಹವನ್ನು ಅನಾವರಣಗೊಳಿಸಲಾಯಿತು. ತಡವಾಯಿತೆಂಬುದು ನಿಜ. ಆದರೂ ತನ್ನ ಹಿರಿಯರ ತಪ್ಪನ್ನು ತನ್ನ ಬೀದಿಯಲ್ಲಿಯೇ ನಿಲ್ಲಿಸಿ ನೋಡುವ ಧೈರ್ಯವನ್ನು ಒಂದು ಚಿಕ್ಕ ಊರು ತೋರಿತಲ್ಲ, ಅದನ್ನು ನಾವು ಮೆಚ್ಚಲೇಬೇಕು.

ನಮ್ಮ ಮನೆಗಳಿಗೂ ಬಂದ ಎಳೆ

ಮೊದಲಿಗೆ ನಾವು ಹೇಳಿದ ಎಳೆ ಇದು. 1882ರಲ್ಲಿ ಚೀನೀಯರಿಗಾಗಿ ಮುಚ್ಚಿದ ಬಾಗಿಲು ಅಷ್ಟಕ್ಕೇ ನಿಲ್ಲಲಿಲ್ಲ. 1917ರಲ್ಲಿ ಅಮೆರಿಕದ ಇನ್ನೊಂದು ಕಾನೂನು ಏಷ್ಯದ ಬಹುಭಾಗವನ್ನು ನಿಷೇಧಿತ ವಲಯವೆಂದು ಸಾರಿತು. ಭಾರತವೂ ಅದರಲ್ಲಿ ಸೇರಿದ್ದಿತು. 1923ರಲ್ಲಿ ಭಾರತೀಯರಿಗೆ ಪೌರತ್ವ ಸಲ್ಲದೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಚೀನೀಯರ ಮೇಲಿನ ಕಾನೂನು 1943ರಲ್ಲಿ ರದ್ದಾಯಿತು. 1946ರಲ್ಲಿ ಭಾರತದಿಂದ ವರ್ಷಕ್ಕೆ 100 ಮಂದಿಗೆ ಮಾತ್ರ ಅವಕಾಶ ದೊರೆಯಿತು. 1965ರ ಕಾನೂನಿನಿಂದ ಬಾಗಿಲು ನಿಜವಾಗಿ ತೆರೆಯಿತು. ನಮ್ಮ ಅನೇಕ ಮನೆಗಳ ಮಕ್ಕಳು ಸೊಸೆಯಂದಿರು ಇಂದು ಆ ದೇಶದಲ್ಲಿ ವೈದ್ಯರಾಗಿ, ಎಂಜಿನಿಯರರಾಗಿ ಗೌರವದಿಂದ ಬಾಳುತ್ತಿದ್ದಾರೆಂದರೆ ಅವರು ಕಾಲಿಟ್ಟದ್ದು ಆ ತೆರೆದ ಬಾಗಿಲಿನಿಂದ. ಅವರಿಗಿಂತ ಮೊದಲು ಆ ಬಾಗಿಲಲ್ಲಿ ಬಿದ್ದವರು ಯಾರೆಂಬುದು ಅವರಿಗೂ ತಿಳಿದಿರಬೇಕು, ಅವರ ಹೆತ್ತವರಿಗೂ ತಿಳಿದಿರಬೇಕು.

ಈ ಕಥೆಯಲ್ಲಿ ಬಿಳಿಯ ಕಾರ್ಮಿಕರೆಲ್ಲರೂ ಹುಟ್ಟಾ ಕ್ರೂರಿಗಳೆಂದು ನಾವು ಹೇಳುವುದಿಲ್ಲ. ಅವರ ಹಸಿವೂ ನಿಜ, ಅವರಿಗಾದ ಅನ್ಯಾಯವೂ ನಿಜ. ಅನ್ಯಾಯಕ್ಕೊಳಗಾದವನು ತನ್ನ ಸಿಟ್ಟನ್ನು ಬಲವಂತನ ಮೇಲೆ ತೋರಿಸಲಾರದೆ, ತನ್ನಷ್ಟೇ ಬಡವನಾದ ಪಕ್ಕದವನ ಮೇಲೆ ತೀರಿಸಿಕೊಂಡುದೇ ರಾಕ್ ಸ್ಪ್ರಿಂಗ್ಸ್‌ನ ದುರಂತ. ಅಂದು ಸುಟ್ಟುಹೋದದ್ದು ಕೇರಿ, ಗೆದ್ದವರು ಕಾರ್ಮಿಕರಲ್ಲ. ಕೆಲವೇ ದಿನಗಳಲ್ಲಿ ಗಣಿ ಮತ್ತೆ ತೆರೆಯಿತು, ಕಂಪನಿಯ ರೈಲು ಎಂದಿನಂತೆ ಓಡಿತು.

ದುಡಿಯಲು ಹೊರಗಿನಿಂದ ಬಂದವರು ಇಲ್ಲದ ಊರು ಯಾವುದೂ ಇಂದಿಲ್ಲ. ನಮ್ಮ ಮನೆ ಕಟ್ಟುವವರು, ರಸ್ತೆ ಹಾಕುವವರು, ಹೊಲದಲ್ಲಿ ಕಬ್ಬು ಕಡಿಯುವವರು ಎಷ್ಟೋ ಸಲ ಬೇರೆ ಸೀಮೆಯವರು, ಬೇರೆ ಮಾತಿನವರು. ಅವರ ಗುಡಿಸಲುಗಳು ನಮ್ಮ ಊರಿನ ಹಳ್ಳದಾಚೆಗೇ ಇರುತ್ತವೆ. ಆ ಗುಡಿಸಲಿನಲ್ಲಿರುವವರ ಹೆಸರನ್ನು ನಾವು ಎಂದಾದರೂ ಕೇಳಿದ್ದೇವೆಯೇ? ಅವರ ಮಗುವಿಗೆ ಜ್ವರ ಬಂದಾಗ ನಮ್ಮ ಮನೆಯ ಕದ ತಟ್ಟುವಷ್ಟು ಸಲಿಗೆ ಅವರಿಗಿದೆಯೇ? ರಾಕ್ ಸ್ಪ್ರಿಂಗ್ಸ್‌ನಲ್ಲಿ ಊರಿಗೂ ಕೇರಿಗೂ ನಡುವೆ ಹತ್ತು ವರ್ಷ ಸೇತುವೆ ಇದ್ದಿತು. ಅದರ ಮೇಲೆ ನೆಂಟನಂತೆ ನಡೆದವರು ಇರಲಿಲ್ಲವಾಗಿ, ಕೊನೆಗೆ ಬಂದೂಕು ಹಿಡಿದವರು ನಡೆದರು.

ಈ ಸಂಜೆ ಮನೆಯ ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಈ ಕಥೆಯನ್ನು ಹೇಳಿರೆಂದು ತಾಯಂದಿರನ್ನೂ ತಂದೆಯಂದಿರನ್ನೂ ಪ್ರಾರ್ಥಿಸುತ್ತೇವೆ.